ಉದ್ರಿ ಪುಸ್ತಕ ಮುಚ್ಚಲೇ?

ದಾವಣಗೆರೆಯ ಅಂಗಡಿ ಮಗಳು (ಪ್ರಶ್ನೆ):
ಅಪ್ಪನ ದಿನಸಿ ಅಂಗಡಿಗೆ 31 ವರ್ಷ. ಎರಡು ವರ್ಷಗಳಿಂದ ಗಲ್ಲಾದಲ್ಲಿ ನಾನು ಕೂರುತ್ತಿದ್ದೇನೆ. ಕಳೆದ ಯುಗಾದಿಗೆ ರಿಂಗ್ ರಸ್ತೆಯಲ್ಲಿ ದೊಡ್ಡ ಮಳಿಗೆ ತೆರೆಯಿತು. ಅಂದಿನಿಂದ ನಗದು ಇರುವವರು ತಿಂಗಳ ಸಾಮಾನಿಗೆ ಅಲ್ಲಿಗೆ, ಇಲ್ಲದವರು ನಮ್ಮಲ್ಲಿಗೆ. ಉದ್ರಿ ಪುಸ್ತಕದಲ್ಲಿ 43 ಮನೆಗಳಿವೆ, ಬಾಕಿ ಲಕ್ಷ ದಾಟಿದೆ. ಸಗಟು ವ್ಯಾಪಾರಿ ನನಗೆ ಕೊಡುವ ಗಡುವು ಎಂಟು ದಿನ. ನಾನು ಗಿರಾಕಿಗೆ ಕೊಡುವುದು ಸಂಬಳವಾಗುವವರೆಗೆ.

2012ರಲ್ಲಿ ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರಕ್ಕೆ ಶೇ 51ರಷ್ಟು ವಿದೇಶಿ ಬಂಡವಾಳ ತರಲು ಕೇಂದ್ರ ಒಪ್ಪಿದಾಗ ಅಪ್ಪ ಬಾಗಿಲು ಹಾಕಿ ಬಂದ್‌ಗೆ ಹೋಗಿದ್ದರು. ಈಗ ಬಂದಿರುವುದು ಈ ದೇಶದ ಕಂಪನಿಯೇ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಮನೆಗಳಿಗೆ ಅಪ್ಪ ಅಕ್ಕಿ ಅಳೆದು ಕೊಟ್ಟು ಹೆಸರಷ್ಟೇ ಬರೆದುಕೊಂಡರು. ಆ ಮನೆಯವರೇ ಈಗ ಮಳಿಗೆಯ ಚೀಲ ಹಿಡಿದು, ನಮ್ಮ ಅಂಗಡಿ ಬಂದೊಡನೆ ಮುಖ ತಿರುಗಿಸಿ ನಡೆಯುತ್ತಾರೆ. ಚೀಲವನ್ನು ಸಹಿಸಬಹುದು, ಮುಖ ತಿರುಗಿಸುವುದನ್ನು ಸಹಿಸಲಾಗುತ್ತಿಲ್ಲ. ಗಣಪತಿ ಚಂದಾಕ್ಕೆ ಮಾತ್ರ ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ. ಉದ್ರಿ ನಿಲ್ಲಿಸಿಬಿಡಲೇ?

ಐದು ಜನರ ಮನೆಯವನು:
ತಂಗೀ, ನಮ್ಮೂರಿನಲ್ಲಿ ಹಾಗೆ ಮುಖ ತಿರುಗಿಸುವವನು ನಾನು. ಎಣ್ಣೆ, ಬೇಳೆ, ಸೋಪಿನಲ್ಲೇ ತಿಂಗಳಿಗೆ ಮುನ್ನೂರು ರೂಪಾಯಿ ಉಳಿಯುತ್ತದೆ, ನನಗದು ದೊಡ್ಡ ಮೊತ್ತ. ಆದರೆ ನಾಚಿಕೆಯಿಂದ ಕೊತ್ತಂಬರಿ ಸೊಪ್ಪಿಗೂ ಹಳೆಯ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅವರು ಒಮ್ಮೆ ಕರೆದಿದ್ದರೆ ಹೋಗುತ್ತಿದ್ದೆ.

ರಾಣೆಬೆನ್ನೂರಿನ ಕಿರಾಣಿಯವನು:
ನಿಲ್ಲಿಸಬೇಡ ತಾಯಿ, ಮಿತಿ ಹಾಕು. ಮನೆಗೆ ಎರಡು ಸಾವಿರ. ಹಳೆಯದು ತೀರಿದ ಮೇಲೆ ಹೊಸದು. ಸೋಪು, ಪೇಸ್ಟಿನ ದರದಲ್ಲಿ ಅವರೊಂದಿಗೆ ಗುದ್ದಾಡಬೇಡ: ಅವರು ಕಂಪನಿಯಿಂದ ನೇರವಾಗಿ ತರುತ್ತಾರೆ, ನಮಗೆ ವಿತರಕರ ಕೈದಾಟಿ ಬರುತ್ತದೆ. ನಾವು ಏಳು ಅಂಗಡಿಯವರು ಸೇರಿ ಎಪಿಎಂಸಿಯಲ್ಲಿ ಅಕ್ಕಿ, ಬೇಳೆ ಒಟ್ಟಿಗೆ ಎತ್ತುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಮುರಿದು, ಬೆಲ್ಲ ಚೂರು ಬಾಯಿಗೆ ಹಾಕಿ ನೋಡಿ ಕೊಳ್ಳುವ ಗಿರಾಕಿ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಬಿಲ್ ಕೌಂಟರಿನವಳು:
ನಾನು ಅಂಥದೇ ಮಳಿಗೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಬಿಲ್ ಹಾಕುತ್ತೇನೆ. ಇಲ್ಲಿ ಪಿಎಫ್ ಇದೆ. ಹಿಂದೆ ಕೆಲಸ ಮಾಡಿದ ಬಟ್ಟೆ ಅಂಗಡಿಯಲ್ಲಿ ಇರಲಿಲ್ಲ. ನಮ್ಮನ್ನು ಹೊರಗಿನವರು ಎನ್ನಬೇಡಿ, ಅಕ್ಕಾ. ಆದರೆ ಹತ್ತು ರೂಪಾಯಿ ಕಡಿಮೆ ಬಿದ್ದವರು ಸಕ್ಕರೆ ಪೊಟ್ಟಣವನ್ನು ಪಕ್ಕಕ್ಕಿಟ್ಟು ಹೋಗುವಾಗ ‘ನಾಳೆ ಕೊಡಿ’ ಎನ್ನುವ ಅಧಿಕಾರ ನನಗಿಲ್ಲ. ತಿಂಗಳ ಕೊನೆಯ ವಾರ ಅಮ್ಮ ರವೆ ತರುವುದು ಪಕ್ಕದ ಬೀದಿಯ ಅಂಗಡಿಯಿಂದ, ಉದ್ರಿಯಲ್ಲಿ.

ದಾವಣಗೆರೆಯ ಅಂಗಡಿ ಮಗಳು:
ರಾತ್ರಿ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಮಿತಿಗೆ ಒಪ್ಪಿದರು. ಆರು ಮನೆಗಳಿಗೆ ಮಾತ್ರ ಮಿತಿ ಬೇಡವೆಂದರು. ಏಕೆಂದು ಒಂದೊಂದೇ ಮನೆಯ ಕಥೆ ಹೇಳಿದರು, ನನಗೆ ಯಾವುದೂ ತಿಳಿದಿರಲಿಲ್ಲ. ಇಂದು ಬೆಳಿಗ್ಗೆ ಚೀಲ ಹಿಡಿದು ಹೋಗುತ್ತಿದ್ದ ಎದುರು ಮನೆಯ ಅತ್ತೆಯನ್ನು ನಾನೇ ಕೂಗಿ ಕರೆದೆ. ನಿಂತರು. ಮಗಳ ಬಾಣಂತನಕ್ಕೆ ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ ಬೇಕೆಂದರು. ಸಂಜೆಯೊಳಗೆ ಕಟ್ಟಿಡಬೇಕು.