ಶಾಲೆ ತೆರೆದಾಗ ಡೆನ್ಮಾರ್ಕ್‌ನಲ್ಲಿ ಕೋವಿಡ್ ಸೋಂಕು ಏರಲಿಲ್ಲ, ಜೆರುಸಲೆಮ್‌ನಲ್ಲಿ ಏರಿತು. ವ್ಯತ್ಯಾಸ ಎಲ್ಲಿ?

ಹಿಂದಿನಬೆಂಚು:
2020ರ ಏಪ್ರಿಲ್ 15ಕ್ಕೇ ಡೆನ್ಮಾರ್ಕ್ ಚಿಕ್ಕ ಮಕ್ಕಳ ಶಾಲೆ ತೆರೆಯಿತು. ಮಕ್ಕಳಿಗೆ ಮಾಸ್ಕ್ ಕೂಡ ಇರಲಿಲ್ಲ, ಆದರೂ ದೊಡ್ಡ ಅನಾಹುತ ಆಗಲಿಲ್ಲ. ಇಸ್ರೇಲ್ ಮೇ ಮಧ್ಯದಲ್ಲಿ ತೆರೆದು ಹತ್ತು ದಿನಕ್ಕೇ ಜೆರುಸಲೆಮ್‌ನ ಒಂದು ಹೈಸ್ಕೂಲಿನಲ್ಲಿ ಸೋಂಕು ಹಬ್ಬಿತು. ಏಕೆ? ಮುಂದೆ ಮತ್ತೆ ಇಂಥ ಸಾಂಕ್ರಾಮಿಕ ಬಂದರೆ ಎಂದು ನಮ್ಮ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಯೋಜನೆ ಬರೆಯುತ್ತಿದೆ, ದುಡ್ಡೆಲ್ಲ ಥರ್ಮಲ್ ಸ್ಕ್ಯಾನರ್, ಸ್ಯಾನಿಟೈಸರ್‌ಗೇ ಹೋಗುವ ಹಾಗಿದೆ.

ಅಂಕಿಸಂಖ್ಯೆ:
ಆ ಹೈಸ್ಕೂಲಿನಲ್ಲಿ 153 ವಿದ್ಯಾರ್ಥಿಗಳು, 25 ಸಿಬ್ಬಂದಿಗೆ ತಗುಲಿತು. 39ರಿಂದ 49 ಚದರ ಮೀಟರ್ ಕೋಣೆಯಲ್ಲಿ 35–38 ಮಕ್ಕಳು. ಸಾಲದ್ದಕ್ಕೆ ಮೇ 19–21ರ ಬಿಸಿಗಾಳಿಗೆ ಮಾಸ್ಕ್ ವಿನಾಯಿತಿ ಕೊಟ್ಟು, ದಿನವಿಡೀ ಎಸಿ ಓಡಿಸಿದರು. ಡೆನ್ಮಾರ್ಕ್‌ನಲ್ಲಿ 10–12 ಮಕ್ಕಳ ಗುಂಪು, ಗುಂಪುಗಳು ಬೆರೆಯುವಂತಿಲ್ಲ, ಆದಷ್ಟೂ ಪಾಠ ಬಯಲಲ್ಲಿ. ಊರಲ್ಲಿ ಸೋಂಕು ಇಳಿಮುಖವಾಗಿದ್ದಾಗ ತೆರೆದರು ಅನ್ನೋದನ್ನೂ ಮರೆಯಬೇಡಿ. ಕರ್ನಾಟಕದಲ್ಲೂ 2021ರ ಆಗಸ್ಟ್ 23ರಂದು 9ರಿಂದ 12ನೇ ತರಗತಿ ತೆರೆದದ್ದು ಪಾಸಿಟಿವಿಟಿ (ಪರೀಕ್ಷೆಯಲ್ಲಿ ಸೋಂಕು ಕಂಡ ಪ್ರಮಾಣ) 2%ಗಿಂತ ಕಡಿಮೆ ಇದ್ದ ಕಡೆ ಮಾತ್ರ. 1ರಿಂದ 5ಕ್ಕೆ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು.

ಗಾಳಿಕಿಂಡಿ:
ಸ್ಕ್ಯಾನರ್ ದುಡ್ಡು ಉಳಿಸಿ. ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಸೋಂಕು ಹರಡುತ್ತೆ, ಎಷ್ಟೋ ಮಕ್ಕಳಿಗೆ ಜ್ವರವೇ ಬರಲ್ಲ.

ಅದರ ಬದಲು ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡು ಕೋಣೆಯಿಂದ ಕೋಣೆಗೆ ಒಯ್ಯಿರಿ. ಉಸಿರು ಬಿಟ್ಟ ಗಾಳಿ ಎಷ್ಟು ಒಳಗೇ ಉಳಿದಿದೆ ಅಂತ ಅದು ತೋರಿಸುತ್ತೆ. ಎನ್‌ಡಿಐಆರ್ (ಇನ್‌ಫ್ರಾರೆಡ್ ಕಿರಣದಿಂದ ಅಳೆಯುವ) ಸೆನ್ಸರ್ ಇದೆಯಾ ಅಂತ ನೋಡಿಕೊಳ್ಳಿ. ಅಗ್ಗದವು ಅನಿಲವನ್ನು ನೇರ ಅಳೆಯಲ್ಲ, ಪಕ್ಕದಲ್ಲಿ ಯಾರಾದರೂ ಸ್ಯಾನಿಟೈಸರ್ ಉಜ್ಜಿಕೊಂಡರೆ ಸಾಕು, ಅಂಕಿ ಗಕ್ಕನೆ ಮೇಲೇರುತ್ತೆ. ಕೂತ ಮಗುವಿನ ತಲೆಯ ಎತ್ತರಕ್ಕೆ ಇಡಿ. ಕಿಟಕಿ ಪಕ್ಕ ಬೇಡ, ಮಕ್ಕಳ ಮುಖದ ಹತ್ತಿರವೂ ಬೇಡ. ಹೊರಗಿನ ಗಾಳಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420). ಒಳಗೆ 800ರ ಆಸುಪಾಸು ಇದ್ದರೆ ಒಳ್ಳೆಯದು. ಕದ, ಕಿಟಕಿ ಮುಚ್ಚಿದ ಕೋಣೆಯಲ್ಲಿ 40 ಮಕ್ಕಳಿದ್ದರೆ ಅರ್ಧ ಗಂಟೆಯಲ್ಲಿ 2000 ದಾಟುತ್ತೆ.

ಸೀಲಿಂಗ್ ಫ್ಯಾನ್ ಇದೆಯಲ್ಲ ಅನ್ನಬೇಡಿ, ಅದು ಇದ್ದ ಗಾಳಿಯನ್ನೇ ಗಿರಗಿರ ತಿರುಗಿಸುತ್ತೆ. ಎದುರುಬದುರು ಕಿಟಕಿ ತೆಗೆಯಿರಿ. ಒಂದೇ ಪಕ್ಕ ಕಿಟಕಿ ಇದ್ದರೆ ಬಾಗಿಲು ತೆಗೆದಿಟ್ಟು, ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ. ಮಳೆಗಾಲದಲ್ಲಿ ಎರಚಲು ಹೊಡೆಯುವ ಬದಿ ಮಾತ್ರ ಮುಚ್ಚಿ. ವರಾಂಡದ ಗಲಾಟೆ ಅಂತ ಬಾಗಿಲು ಹಾಕೋದು, ಕಿಟಕಿಗೆ ಚಾರ್ಟ್ ಅಂಟಿಸೋದು – ಇಲ್ಲೇ ಎಲ್ಲ ಕೆಡೋದು.

ಮೂರನೇಸಾಲು:
ಗಾಳಿಯೊಂದೇ ಸಾಲದು ಸರ್. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ, ಮೇ 2021: ಕಿಟಕಿ ಬಾಗಿಲು ತೆರೆದಿದ್ದವು, ಗಾಳಿ ಶೋಧಿಸುವ ಫಿಲ್ಟರ್ ಕೂಡ ಇತ್ತು. ಲಸಿಕೆ ಹಾಕಿಸಿಕೊಳ್ಳದ ಟೀಚರ್ ಮೂಗು ಕಟ್ಟಿದ್ದರೂ ಎರಡು ದಿನ ಬಂದರು, ಪಾಠ ಓದಿ ಹೇಳುವಾಗ ಮಾಸ್ಕ್ ಇಳಿಸಿದರು. 24 ಮಕ್ಕಳಲ್ಲಿ 12 ಮಂದಿಗೆ ಸೋಂಕು. ಮುಂದಿನ ಎರಡು ಸಾಲಿನಲ್ಲಂತೂ 10ರಲ್ಲಿ 8. ಹಾಗಾಗಿ ಮೊದಲು ಮೇಷ್ಟ್ರಿಗೆ ಲಸಿಕೆ, ಮಾಸ್ಕ್, ನೆಗಡಿ ಬಂದರೆ ಸಂಬಳ ಕಡಿತವಿಲ್ಲದ ರಜೆ.

ಹಿಂದಿನಬೆಂಚು:
ಬಿಸಿಯೂಟಕ್ಕೆ ಏನು ಮಾಡೋದು? ಆಗ ಎಲ್ಲರ ಮಾಸ್ಕೂ ಕೆಳಗೆ.

ಗಾಳಿಕಿಂಡಿ:
ಕೋಣೆಯೊಳಗೆ ಬಡಿಸಲೇಬೇಡಿ. ಒಂದೊಂದು ತರಗತಿಗೆ 20 ನಿಮಿಷದಂತೆ ಪಂಕ್ತಿ ಮಾಡಿ, ವರಾಂಡ ಇಲ್ಲವೇ ಮರದಡಿ, ಒಂದೇ ಕಡೆ ಮುಖ ಮಾಡಿ ಕೂರಿಸಿ. ಸ್ಟಾಫ್ ರೂಮಿನ ಚಹಾಕ್ಕೂ ಇದೇ ನಿಯಮ.