ಪ್ರಶ್ನೋತ್ತರ: ಲಿಂಕನ್ ಶೋಕಗೀತೆಯ ಕೆಂಪು ಯಾರ ರಕ್ತ?

ವಿದ್ಯಾರ್ಥಿನಿ: ಮೇಡಂ, ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಮರಣಕ್ಕೆ ಶೋಕಿಸಿ ಕವಿ ವಾಲ್ಟ್ ವಿಟ್ಮನ್ 1865ರಲ್ಲಿ ಪ್ರಕಟಿಸಿದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಕವಿತೆಯಲ್ಲಿ ಬರುವ ಕೆಂಪು ಹನಿಗಳು ಹಡಗಿನ ಡೆಕ್ಕಿನ ಮೇಲೆ ಸತ್ತು ಬಿದ್ದಿರುವ ನಾಯಕನ, ಅಂದರೆ ಲಿಂಕನ್ನರ, ರಕ್ತವೆಂದು ಬರೆದರೆ ಸಾಕೇ?

ಅಧ್ಯಾಪಕಿ: ಸಾಲದು. ಆ ಸಾಲುಗಳಲ್ಲಿ ಮೊದಲು ಬರುವುದು ನಾಯಕನಲ್ಲ, ‘ಹೃದಯವೇ’ ಎಂದು ಮೂರು ಸಲ ಕೂಗಿಕೊಳ್ಳುವ ನಾವಿಕ. ಅದರ ಬೆನ್ನಿಗೇ ಕೆಂಪು ಹನಿಗಳು ಬರುತ್ತವೆ, ದೇಹ ಕಾಣುವುದು ಆಮೇಲೆ. ಆದ್ದರಿಂದ ಆ ಹನಿಗಳು ಸತ್ತವನ ಗಾಯದಿಂದಲೂ ಬದುಕಿರುವವನ ಎದೆಯಿಂದಲೂ ಒಟ್ಟಿಗೇ ತೊಟ್ಟಿಕ್ಕುತ್ತವೆ. ಇನ್ನೊಂದನ್ನು ಗಮನಿಸಿ: ಮೂರು ಚರಣಗಳೂ ‘ಡೆಡ್’ ಎಂಬ ಪದದಲ್ಲೇ ಮುಗಿಯುತ್ತವೆ, ಅದಕ್ಕೆ ಪ್ರಾಸವಾಗಿ ಮೊದಲ ಚರಣದಲ್ಲಿ ‘ರೆಡ್’, ಎರಡನೆಯದರಲ್ಲಿ ತಲೆ ಎಂಬರ್ಥದ ‘ಹೆಡ್’, ಮೂರನೆಯದರಲ್ಲಿ ಹೆಜ್ಜೆ ಎಂಬರ್ಥದ ‘ಟ್ರೆಡ್’ ಬರುತ್ತವೆ. ಕೆಂಪು ಮತ್ತೆ ಕಾಣಿಸುವುದೇ ಇಲ್ಲ. ಕೊನೆಗೆ ಉಳಿಯುವುದು ಬಿಳಿಚಿಕೊಂಡ ತುಟಿ. ದೇಹದಿಂದ ರಕ್ತ ಬಸಿದಂತೆ ಕವಿತೆಯಿಂದ ಬಣ್ಣವೂ ಬಸಿದುಹೋಗುವುದನ್ನು ಎಷ್ಟು ಸಲ ಪಾಠ ಮಾಡಿದರೂ ನನ್ನ ಧ್ವನಿ ಅಲ್ಲಿ ತಡವರಿಸುತ್ತದೆ.

ಸದಸ್ಯ 1: ಕೆಂಪು ಎಂದರೆ ಕ್ರಾಂತಿ, ಬಿಳಿ ಎಂದರೆ ಶಾಂತಿ, ನೇರಳೆ ಎಂದರೆ ರಾಜವೈಭವ ಎಂಬ ಪಟ್ಟಿಯೊಂದು ನನಗೆ ಬಂದಿದೆ, ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಹಾಕಿದ್ದೇನೆ.

ಅಧ್ಯಾಪಕಿ: ದಯವಿಟ್ಟು ಯಾರೂ ಅದನ್ನು ಬಳಸಬೇಡಿ. ಆ ಪಟ್ಟಿಯ ಪ್ರಕಾರ ಸತ್ತವನ ಬಿಳಿಚಿದ ತುಟಿ ಶಾಂತಿಯ ಸಂಕೇತವಾಗುತ್ತದೆ.

ಸದಸ್ಯೆ 2: ಕೆಂಪು ಯಾವುದರ ಸಂಕೇತ ಮೇಡಂ?

ಅಧ್ಯಾಪಕಿ: ಮೇಲೆ ಬರೆದಿದ್ದೇನೆ.



ನಿವೃತ್ತ ಇತಿಹಾಸ ಶಿಕ್ಷಕ: ಎರಡನೆಯ ಚರಣದಲ್ಲಿ ಬಾವುಟ ಹಾರುತ್ತದೆ. ಅಮೆರಿಕದ ಬಾವುಟದಲ್ಲಿ ಕೆಂಪು ಪಟ್ಟಿಗಳಿರುವುದರಿಂದ ಹನಿಗಳ ಕೆಂಪು ರಾಷ್ಟ್ರದ ಬಣ್ಣವೇ ಆಗಿದೆ.

ಸದಸ್ಯ 3: ಕವಿ ಹೇಳದ ಬಣ್ಣವನ್ನು ನೀವು ಬಾವುಟಕ್ಕೆ ಬಳಿಯುತ್ತಿದ್ದೀರಿ, ಸರ್.

ನಿವೃತ್ತ ಇತಿಹಾಸ ಶಿಕ್ಷಕ: ಇತಿಹಾಸವನ್ನು ಬಿಟ್ಟು ಕವಿತೆ ಓದುವವರಿಗೆ ಬಾವುಟವೂ ಬರಿಯ ಬಟ್ಟೆಯಾಗಿಯೇ ಕಾಣುತ್ತದೆ.

ಸದಸ್ಯ 3: ವಾದವಿಲ್ಲದಿದ್ದಾಗ ಮಾತ್ರ ಹೀಗೆ ಚುಚ್ಚಬೇಕಾಗುತ್ತದೆ.

ಅಧ್ಯಾಪಕಿ: ಇಬ್ಬರೂ ನಿಲ್ಲಿಸಿ. ಇತಿಹಾಸ ಬೇಕು, ಆದರೆ ಅದು ಹೇಳುವುದು ಬೇರೆಯದನ್ನು. 1865ರ ಏಪ್ರಿಲ್ 9ರಂದು ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ನರ ಸರ್ಕಾರದ ವಿರುದ್ಧ ಹೋರಾಡಿದ ದಕ್ಷಿಣದ ರಾಜ್ಯಗಳ ಸೇನಾನಿ ಲೀ ಶರಣಾದರು, 14ರ ರಾತ್ರಿ ಲಿಂಕನ್ನರಿಗೆ ಗುಂಡೇಟು ಬಿತ್ತು, ಮರುದಿನ ಬೆಳಗ್ಗೆ ಅವರು ತೀರಿಕೊಂಡರು. ಗೆಲುವಿನ ಸಂಭ್ರಮ ಆರುವ ಮೊದಲೇ ಸಾವು ಬಂದದ್ದರಿಂದ ಬಾವುಟ, ಹೂಗುಚ್ಛ, ರಿಬ್ಬನ್ ಕಟ್ಟಿದ ಹಾರ ಎಲ್ಲವೂ ಕವಿತೆಯಲ್ಲಿವೆ, ಆದರೆ ಒಂದಕ್ಕೂ ಬಣ್ಣದ ಹೆಸರಿಲ್ಲ. ಬಣ್ಣ ಸಿಕ್ಕಿರುವುದು ರಕ್ತಕ್ಕೆ ಮಾತ್ರ.

ಸದಸ್ಯ 1: ಹಾಗಾದರೆ ಲಿಂಕನ್ನರನ್ನೇ ಕುರಿತ ಅವನ ಇನ್ನೊಂದು ಶೋಕಗೀತೆಯ ಲೈಲಾಕ್ ಹೂವಿನ ನೇರಳೆಯಾದರೂ ರಾಜವೈಭವವಲ್ಲವೇ?

ಅಧ್ಯಾಪಕಿ: ಅಲ್ಲ. ಆ ಏಪ್ರಿಲ್‌ನಲ್ಲಿ ಲೈಲಾಕ್ ಅರಳಿತ್ತು. ಅದನ್ನು ಕಂಡಾಗಲೆಲ್ಲ, ಅದರ ವಾಸನೆ ಬಂದಾಗಲೆಲ್ಲ ಆ ದಿನದ ದುರಂತ ತನಗೆ ನೆನಪಾಗುತ್ತದೆಂದು ವಿಟ್ಮನ್ನನೇ ಮುಂದೆ ಉಪನ್ಯಾಸದಲ್ಲಿ ಹೇಳಿದ್ದಾನೆ. ಪಟ್ಟಿಯನ್ನು ಇನ್ನಾದರೂ ಅಳಿಸಿ.

ವಿದ್ಯಾರ್ಥಿನಿ: ಮೇಡಂ, ಎರಡನೆಯ ಚರಣದಲ್ಲಿ ನಾವಿಕ ನಾಯಕನ ತಲೆಯ ಕೆಳಗೆ ತನ್ನ ತೋಳನ್ನಿಡುತ್ತಾನೆ. ಆ ತೋಳಿಗೂ ಕೆಂಪು ಹತ್ತಿರಬೇಕಲ್ಲವೇ?

ಅಧ್ಯಾಪಕಿ: ಕವಿತೆ ಅದನ್ನು ಹೇಳುವುದಿಲ್ಲ. ಆ ತೋಳನ್ನು ನಾಯಕ ಅರಿಯುವುದಿಲ್ಲ ಎಂದಷ್ಟೇ ಮೂರನೆಯ ಚರಣ ಹೇಳುತ್ತದೆ. ನೀವು ಅಲ್ಲಿಂದ ಬರೆಯಲು ತೊಡಗಿ.