ಸ್ಕೀ ಎತ್ತಿಡೋ ಮುಂಚೆ ಏನೇನು ಮಾಡ್ತೀರಿ? ಮಾಡಿ ಗೊತ್ತಿರುವವರು ಹೇಳಿ

ಡೆನ್ವರ್ ಹೊಸಬ: ಈ ಸಲ ಬಾಡಿಗೆ ಬಿಟ್ಟು ಸ್ವಂತ ಸ್ಕೀ ತಗೊಂಡ್ವಿ, ಎರಡು ಜೊತೆ. ನವೆಂಬರ್‌ವರೆಗೆ ಗ್ಯಾರೇಜಿನಲ್ಲಿ ಇಡಬೇಕು, ಜುಲೈನಲ್ಲಿ ಅಲ್ಲಿ ಒಲೆ ಥರ ಕಾಯುತ್ತೆ. ಸ್ಕೀ ತಳಕ್ಕೆ ವ್ಯಾಕ್ಸ್ (ಮೇಣ) ಕರಗಿಸಿ ಹಾಕಿ ಕೆರೆಯದೆ ಬಿಡಿ ಅಂತಾರೆ, ಬೂಟು ಹಿಡಿಯೋ ಬೈಂಡಿಂಗ್‌ನ ಸ್ಪ್ರಿಂಗ್ ಸಡಿಲಿಸಿ ಅಂತಾರೆ. ಯಾವುದು ನಿಜ?

ಬೌಲ್ಡರ್ ಬೆಣ್ಣೆದೋಸೆ: ವ್ಯಾಕ್ಸ್ ಆಮೇಲೆ, ಮೊದಲು ಉಪ್ಪು ತೊಳೀರಿ. ಕಾರಿನ ರ‍್ಯಾಕ್ ಮೇಲೆ ಕಟ್ಟಿ ಐ-70 ಹೆದ್ದಾರಿಯಲ್ಲಿ ಓಡಾಡಿದ್ದರೆ ಹಿಮ ಕರಗಿಸೋಕೆ ರಸ್ತೆಗೆ ಹಾಕೋ ಮೆಗ್ನೀಸಿಯಂ ಕ್ಲೋರೈಡ್ ಸ್ಕೀಯ ಉಕ್ಕಿನ ಅಂಚಿನ (ಎಡ್ಜ್) ಮೇಲೆ ಕೂತಿರುತ್ತೆ. ಅದು ಗಾಳಿಯ ತೇವ ಎಳ್ಕೊಳ್ಳೋ ಉಪ್ಪು, ಕೊಲರಾಡೊದ ಒಣಹವೆ ನಂಬಬೇಡಿ. ತೊಳೆಯದೆ ಮೇಲೆ ವ್ಯಾಕ್ಸ್ ಸುರಿದರೆ ತುಕ್ಕು ಅದರಡಿಯಲ್ಲೇ ಬೆಳೆಯುತ್ತೆ, ನವೆಂಬರ್‌ನಲ್ಲಿ ಕೆರೆದಾಗ ಎಡ್ಜ್ ಉದ್ದಕ್ಕೂ ಗುಳಿ. ನಮ್ಮ ಬಿಲ್ಲು: ಕಲ್ಲಿನ ಯಂತ್ರದಲ್ಲಿ ಉಜ್ಜಿಸೋ ಸ್ಟೋನ್ ಗ್ರೈಂಡ್‌ಗೆ ಒಂದು ಜೊತೆಗೆ 75 ಡಾಲರ್, ಎರಡು ಜೊತೆಗೆ 150, ಟ್ಯಾಕ್ಸ್ ಬೇರೆ. ದುಡ್ಡು ಹೋಗಲಿ, ಉಜ್ಜಿಹೋದ ಎಡ್ಜ್ ವಾಪಸ್ ಬರುತ್ತಾ?

ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಪಾತ್ರೆ ಸೋಪು, ಸ್ಪಂಜು. ಪ್ರೆಶರ್ ವಾಷರ್ ಬೇಡ, ಬೈಂಡಿಂಗ್ ಒಳಗಿನ ಗ್ರೀಸ್ ಹೊರಟುಹೋಗುತ್ತೆ. ಡಬ್ಲ್ಯೂಡಿ-40 ಹೊಡೆಯೋದೂ ಬೇಡ, ಅದೂ ಗ್ರೀಸ್ ಕರಗಿಸುತ್ತೆ. ಒರೆಸಿ, ಮನೆಯೊಳಗೆ ಒಂದು ದಿನ ಪೂರ್ತಿ ಒಣಗಿಸಿ. ತುಕ್ಕಿದ್ದರೆ ಗಮ್ಮಿ ಸ್ಟೋನ್ (ರಬ್ಬರಿನಂಥ ಉಜ್ಜುಗಲ್ಲು), ಹೋಗದಿದ್ದರೆ ಡೈಮಂಡ್ ಸ್ಟೋನ್. ಎಡ್ಜ್ ಈಗಲೇ ಫೈಲ್ ಮಾಡಿಬಿಡಿ.

ಮ್ಯೂನಿಕ್ ಧಾರವಾಡ: ಎಡ್ಜ್ ಈಗ ಫೈಲ್ ಮಾಡೋದು ದಂಡ ರೀ. ಬರ್ (ಎಡ್ಜ್ ಮ್ಯಾಲ ಎದ್ದ ಲೋಹದ ಮುಳ್ಳು) ತಗದು, ತುಕ್ಕು ತಗದು ಬಿಡ್ರಿ, ಧಾರ ನವೆಂಬರ್‌ದಾಗ ಹಚ್ಚಿದ್ರಾತು. ನಡುವ ಚೂರು ತುಕ್ಕು ಬಂದ್ರೂ ಮತ್ತ ಫೈಲ್ ಹಿಡೀಬೇಕು. ಎಡ್ಜ್ ಇರೋದ ಸುಮಾರು 2 ಮಿಲಿಮೀಟರ್, ವರ್ಷಕ್ಕ ಎರಡ ಸಲ ಅರದ್ರ ಎಷ್ಟ ದಿನ ಬಂದೀತು?

ವ್ಯಾಕ್ಸ್ ಮೆತ್ತಂದ ಬೇಕು, ಕರಗೋ ಹಿಮಕ್ಕ ಹಾಕೋ ಹಳದಿ. ಗಟ್ಟಿ ನೀಲಿ ಹಾಕಿದ್ರ ಎಡ್ಜ್ ಹತ್ರ ಚಕ್ಕಿ ಎದ್ದು ಅಲ್ಲೇ ತುಕ್ಕು. ಮೊದಲ ಹಾಟ್ ಸ್ಕ್ರೇಪ್: ವ್ಯಾಕ್ಸ್ ಬಿಸಿ ಇದ್ದಾಗನ ಕೆರೀರಿ, ಕರಿ ಕೊಳಿ ಅದರ ಜೋಡಿನ ಬರತೈತಿ. ಸ್ವಚ್ಛ ಬರಾಕ ಎರಡ ಸಲ ಸಾಕು. ಆಮ್ಯಾಲ ದಪ್ಪಗ, ಜೋಡಿಗೆ 30 ಗ್ರಾಂ, ಅಂದ್ರ 180 ಗ್ರಾಮಿನ ಒಂದ ವ್ಯಾಕ್ಸ್ ಬಾರ್‌ನ್ಯಾಗ ಆರು ಜೋಡಿ. ಎಡ್ಜ್ ದಾಟಿ ಹರೀಲಿ. ವ್ಯಾಕ್ಸ್ ಕರಗಸೋ ಇಸ್ತ್ರಿ 120 ಡಿಗ್ರಿ ಸೆಲ್ಸಿಯಸ್, ಒಂದ ಕಡೆ ನಿಲ್ಲಸಬ್ಯಾಡ್ರಿ. ಹೊಗಿ ಬಂತಂದ್ರ ಕಾವು ಹೆಚ್ಚಾತು. ಬೇಸಿನ, ಅಂದ್ರ ಸ್ಕೀ ತಳದ, ಪಾಲಿಎಥಿಲೀನ್ ಪ್ಲಾಸ್ಟಿಕ್ 135ರ ಹತ್ರ ಕರಗತೈತಿ. ಬಟ್ಟಿ ಇಸ್ತ್ರಿ ಅಂತೂ ಬ್ಯಾಡೇ ಬ್ಯಾಡ, ಥರ್ಮೋಸ್ಟಾಟ್ ಒಮ್ಮೆ ಏರತೈತಿ, ಒಮ್ಮೆ ಇಳೀತೈತಿ. ಇಲ್ಲಿ ವ್ಯಾಕ್ಸ್ ಇಸ್ತ್ರಿಯ 50 ಯೂರೋ ಉಳಸಾಕ ಹೋಗಿ ಬೇಸ್ ರಿಪೇರಿಗೆ 90 ಹೋತು.

ಸಾಲ್ಟ್‌ಲೇಕ್ ಸಾಗರ: ಧಾರವಾಡದವರೇ, ಬಟ್ಟೆ ಇಸ್ತ್ರಿ ತಪ್ಪಲ್ಲ, ಅಳೆಯದೆ ಹಿಡಿದಿದ್ದು ತಪ್ಪು. ಮುಟ್ಟಿಸಿ ಅಳೆಯೋ ಥರ್ಮಾಮೀಟರ್ ತಂದು, ಹಳೆ ಭಾರದ ಇಸ್ತ್ರಿಯನ್ನ 115ರಿಂದ 125ರೊಳಗೆ ನಿಲ್ಲಿಸಬಹುದು. ಹಬೆ ತೂತಿರೋದು ಮಾತ್ರ ಬೇಡ. ವ್ಯಾಕ್ಸ್ ದಪ್ಪಗೆ ಇದ್ದಷ್ಟೂ ಒಳ್ಳೇದು, ಬೇಸ್ ಆರು ತಿಂಗಳು ಕುಡೀಲಿ.

ಬೈಂಡಿಂಗ್ ಸ್ಕ್ರೂ ಮುಟ್ಟಬೇಡಿ. ಗುರುತಿಟ್ಟ ಮಿತಿಯೊಳಗಿರೋ ಸ್ಪ್ರಿಂಗ್ ಸುಮ್ಮನೆ ಕೂತು ಸೋಲಲ್ಲ. ಸಡಿಲಿಸಿ ನವೆಂಬರ್‌ನಲ್ಲಿ ಮರೆತರೆ ಮೊದಲ ತಿರುವಿನಲ್ಲೇ ಬೂಟು ಕಳಚುತ್ತೆ, ಎಷ್ಟು ಬಲಕ್ಕೆ ಬೂಟು ಬಿಡಬೇಕು ಅನ್ನೋ ನಂಬರ್ 6.5 ಇದ್ದಿದ್ದನ್ನ 8.5 ಅಂತ ನೆನಪಿಟ್ಟುಕೊಂಡರೆ ಕಳಚಬೇಕಾದಾಗ ಕಳಚದೆ ಮಂಡಿ ಹೋಗುತ್ತೆ.

ಬೌಲ್ಡರ್ ಬೆಣ್ಣೆದೋಸೆ: ಬರೆದಿಟ್ಕೊಂಡರೆ ಯಾಕೆ ಮರೀತೀರಿ? ಬ್ರೇಕ್ ಮೇಲೆ ಟೇಪ್ ಅಂಟಿಸಿ ನಂಬರ್ ಬರೀರಿ. ಇಲ್ಲಿ ಪ್ರತಿ ಸಲ 3ಕ್ಕೆ ಇಳಿಸಿಯೇ ಇಡೋದು.

ಸಾಲ್ಟ್‌ಲೇಕ್ ಸಾಗರ: ಬೈಂಡಿಂಗ್‌ನ ಪುಟ್ಟ ಕಿಟಕಿಯಲ್ಲಿ ಕಾಣೋ ನಂಬರ್ ಸೆಟ್ಟಿಂಗ್ ಅಷ್ಟೇ. ನಿಜಕ್ಕೂ ಎಷ್ಟಕ್ಕೆ ಕಳಚುತ್ತೆ ಅನ್ನೋದು ಟಾರ್ಕ್ ಮೆಷೀನ್‌ಗೆ ಹಾಕಿದರೆ ತಾನೇ ಗೊತ್ತಾಗೋದು? ವರ್ಷಕ್ಕೆ ಎರಡು ಸಲ ತಿರುಗಿಸ್ತೀರಲ್ಲ, ಒಂದು ಸಲನಾದ್ರೂ ಟೆಸ್ಟ್ ಮಾಡಿಸಿದೀರಾ?

ಬೌಲ್ಡರ್ ಬೆಣ್ಣೆದೋಸೆ: ಮಾಡಿಸಿದೀವಿ ಸ್ವಾಮಿ, ರಸೀದಿ ಇದೆ. ಬೇಕಾದ್ರೆ ಫ್ರೇಮ್ ಹಾಕಿಸಿ ಕಳಿಸ್ತೀನಿ.

ಓಸ್ಲೋ ಉಡುಪಿ: ಬೇಸ್ ಆರು ತಿಂಗಳು ವ್ಯಾಕ್ಸ್ ಕುಡಿಯುತ್ತೆ ಅನ್ನೋದನ್ನ ದಯವಿಟ್ಟು ಬಿಡಿ ಮಾರಾಯ್ರೆ. ಆರಿ ಗಟ್ಟಿಯಾದ ವ್ಯಾಕ್ಸ್ ಎಲ್ಲಿಗೂ ಹೋಗುದಿಲ್ಲ. ಒಳಗೆ ಹೋಗುವುದಿದ್ದರೆ ಬಿಸಿ ಇದ್ದಾಗಲೇ ಹೋಗಿ ಆಯ್ತು. ಮೇಲೆ ಉಳಿದದ್ದು ಗಾಳಿ, ಧೂಳು, ತೇವಕ್ಕೆ ಅಡ್ಡ ಅಷ್ಟೇ. ಅಷ್ಟಕ್ಕೆ ತೆಳು ಪದರ ಸಾಕು, ಎಡ್ಜ್ ಪೂರ್ತಿ ಮುಚ್ಚಿರಬೇಕು.

ಕ್ರಾಸ್‌ಕಂಟ್ರಿ ಸ್ಕೀ ಇದ್ದವರು ಕ್ಲಿಸ್ಟರನ್ನು (ಹಿಡಿತಕ್ಕೆ ಹಚ್ಚುವ ಅಂಟಂಟು ವ್ಯಾಕ್ಸ್) ಎತ್ತಿಡುವ ದಿನವೇ ತೆಗೀರಿ. ಬೇಸಿಗೆಯಲ್ಲಿ ಅದು ಹಲಸಿನ ಮೇಣದ ಹಾಗೆ ಇಳಿದು ಚೀಲಕ್ಕೆ, ಪಕ್ಕದ ಸ್ಕೀಗೆ ಎಲ್ಲ ಹತ್ತುತ್ತದೆ. ಒದೆ ಕೊಡುವ ಮಧ್ಯಭಾಗಕ್ಕೆ ಜಾರಲಿಕ್ಕೆ ಹಾಕುವ ಗ್ಲೈಡ್ ವ್ಯಾಕ್ಸ್ ಹಾಕಬೇಡಿ. ಫ್ಲೋರಿನ್ ಇರುವ ಹಳೆ ಫ್ಲೋರೋ ವ್ಯಾಕ್ಸ್ ಮುಟ್ಟಿದ ಇಸ್ತ್ರಿ, ಬ್ರಶ್ ಬೇರೆ ಇಡಿ, 2023-24ರಿಂದ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್ ರೇಸುಗಳಲ್ಲಿ ಅದಕ್ಕೆ ಪೂರ್ತಿ ನಿಷೇಧ.

ಸಾಲ್ಟ್‌ಲೇಕ್ ಸಾಗರ: ಇಲ್ಲಿ ಯಾರು ವಿಶ್ವಕಪ್ ಓಡ್ತಿದಾರೆ?

ಓಸ್ಲೋ ಉಡುಪಿ: ಓಡುವ ಮಕ್ಕಳು ಇರ್ತಾರೆ. ಗೊತ್ತಿಲ್ಲದಿದ್ದರೆ ಸುಮ್ಮನೆ ಇರುದು ಒಳ್ಳೇದು.

ಡೆನ್ವರ್ ಹೊಸಬ: ಗ್ಯಾರೇಜ್ ಬಗ್ಗೆ ಯಾರೂ ಹೇಳಲೇ ಇಲ್ಲ…

ಮ್ಯೂನಿಕ್ ಧಾರವಾಡ: ಗ್ಯಾರೇಜ್ ಬ್ಯಾಡ್ರಿ, ಅಟ್ಟಾನೂ ಬ್ಯಾಡ. ಕಾವಿಗೆ ಅಂಟು ಬಿಟ್ಟು ಪದರ ಏಳಬಹುದು. ಮಂಚದ ಕೆಳಗ ಮಲಗಸ್ರಿ. ಗಾರಿ ನೆಲಕ್ಕ ನೇರ ತಾಗಸಬ್ಯಾಡ್ರಿ, ತೇವ ಏರತೈತಿ. ಎರಡೂ ಸ್ಕೀದ ಬೇಸ್ ಒಂದಕ್ಕೊಂದು ಕೂಡಿಸಿ ಪಟ್ಟಿ ಬಿಗದು ಕಟ್ಟಬ್ಯಾಡ್ರಿ, ನಡುವಿನ ಬಾಗು (ಕ್ಯಾಂಬರ್) ಸಪಾಟ ಆಕ್ಕೈತಿ. ಹಸಿ ಚೀಲದಾಗ ಹಾಕಿ ಜಿಪ್ ಎಳದ್ರ ಮಾಡಿದ್ದೆಲ್ಲಾ ನೀರಾಗ ಹೋಮ.

ಸಾಲ್ಟ್‌ಲೇಕ್ ಸಾಗರ: ಬೆಟ್ಟ ಹತ್ತೋಕೆ ಸ್ಕೀ ತಳಕ್ಕೆ ಅಂಟಿಸೋ ಟೂರಿಂಗ್ ಸ್ಕಿನ್ ಇದ್ದರೆ ಅದನ್ನೂ ಒಳಗೆ ತನ್ನಿ. ಬಿಸಿಗೆ ಅಂಟು ಕರಗಿ ಬೇಸ್‌ಗೆ ಮೆತ್ತುತ್ತೆ, ಮತ್ತೆ ಹಚ್ಚಿಸಲು ಇಲ್ಲಿ 65 ಡಾಲರ್ ಕೇಳಿದ್ದರು. ಬೂಟಿನ ಒಳಗಿನ ಮೆತ್ತೆ (ಲೈನರ್) ಕಳಚಿ ಒಣಗಿಸಿ, ವಾಪಸ್ ಹಾಕಿ, ಬಕಲ್ ಸಡಿಲಾಗಿ ಹಾಕಿಡಿ. ಬಿಚ್ಚಿಟ್ಟರೆ ಹೊರಗಿನ ಗಟ್ಟಿ ಶೆಲ್ ಅಗಲವಾಗಿ ನವೆಂಬರ್‌ನಲ್ಲಿ ಬಕಲ್ ಕೂರಲ್ಲ. ಗ್ಯಾರೇಜಲ್ಲಿ ಬಿಟ್ಟರೆ ಇಲಿ ಅದರೊಳಗೆ ಬಾಣಂತನ ಮಾಡ್ಕೊಳ್ಳುತ್ತೆ.

ಬೌಲ್ಡರ್ ಬೆಣ್ಣೆದೋಸೆ: ಇದೊಂದು ಸರಿ ಹೇಳಿದ್ರಿ. ಬಟ್ಟೆ ಇಸ್ತ್ರಿ ವಿಷಯ ಮಾತ್ರ ಒಪ್ಪಲ್ಲ.

ಸಾಲ್ಟ್‌ಲೇಕ್ ಸಾಗರ: ಒಪ್ಪಿ ಅಂದೋರ್ಯಾರು?